ಹೂಂ ಅಂದರೆ ಸಾಲದು

ವಾರ್ಡಿಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ಹಿರಿಯ ಸಿಸ್ಟರ್ ಮೊದಲು ಕಲಿಸುತ್ತಿದ್ದುದು ಸೂಜಿ ಹಿಡಿಯುವುದನ್ನಲ್ಲ, ಪ್ರಶ್ನೆ ಕೇಳುವುದನ್ನು.

“ಔಷಧಿ ಟ್ರೇ ಹಿಡ್ಕೊಂಡು ಹೋಗಿ, ‘ನೀವು ಇಂಥವರು ಅಲ್ವಾ?’ ಅಂತ ಕೇಳಿದ್ರೆ ಏನಂತಾರೆ?”

“ಹೂಂ ಅಂತಾರೆ, ಸಿಸ್ಟರ್.”

“ಪಕ್ಕದ ಮಂಚದವರ ಹೆಸರು ಹೇಳಿ ಕೇಳಿದ್ರೆ?”

ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

“ಆಗಲೂ ಹೂಂ ಅಂತಾರೆ. ಜ್ವರ ಬಂದೋರು, ನಿದ್ದೆಗಣ್ಣಲ್ಲಿರೋರು, ಬಿಳಿ ಕೋಟು ಕಂಡ್ರೆ ಹೆದರೋರು, ಎಲ್ಲಾರೂ ಹೂಂ ಅಂತಾರೆ. ಹೂಂ ಅನ್ನೋದು ಉತ್ತರ ಅಲ್ಲ ಕಣ್ರಮ್ಮಾ, ಅದೊಂದು ಸದ್ದು. ‘ನಿಮ್ಮ ಹೆಸರು ಹೇಳಿ’ ಅನ್ನಿ. ಹೆಸರು ಅವರ ಬಾಯಿಂದ ಬರಬೇಕು. ಆಮೇಲೆ ಕೈಗೆ ಕಟ್ಟಿರೋ ಪಟ್ಟಿ ನೋಡಿ. ಆಮೇಲೆ ಮಾತ್ರೆ.”

ಅವಳ ಕಾಲದಲ್ಲಿ ಆ ವಾರ್ಡಿನ ಒಂದು ಮಾತ್ರೆಯೂ ತಪ್ಪಿ ಬೇರೆ ಬಾಯಿಗೆ ಹೋಗಿರಲಿಲ್ಲ. ಇದನ್ನು ಅವಳು ತಾನಾಗಿ ಹೇಳಿಕೊಳ್ಳುತ್ತಿರಲಿಲ್ಲ. ಬೇರೆಯವರು ಹೇಳಿದರೆ ಬೇಡವೆನ್ನುತ್ತಲೂ ಇರಲಿಲ್ಲ. ಪಾಳಿ ಮುಗಿದ ಮೇಲೆ ಬಿಳಿ ಚಪ್ಪಲಿಯನ್ನು ಆಸ್ಪತ್ರೆಯ ಕಪಾಟಿನಲ್ಲಿ ಬಿಟ್ಟು ಮನೆಗೆ ಹೊರಡುವಾಗ ಈ ಬುದ್ಧಿಯನ್ನೂ ಅಲ್ಲೇ ಬಿಟ್ಟು ಬರುತ್ತಿದ್ದಳೆಂದು ಕಾಣುತ್ತದೆ. ಏಕೆಂದರೆ ಅವಳ ಮನೆ ನಡೆಯುತ್ತಿದ್ದುದೇ ಹೂಂ ಮೇಲೆ.

ಮನೆಯೆಂದರೆ ಎರಡನೆಯ ಮಹಡಿಯಲ್ಲಿ ಮೂರು ಕೋಣೆ, ಒಂದು ಅಡುಗೆಮನೆ, ಐದು ಜನ. ತಾತ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅವರ ಚರ್ಮದ ಚೀಲ ಬಾಗಿಲ ಹಿಂದಿನ ಮೊಳೆಯಿಂದ ಇಳಿದಿರಲಿಲ್ಲ, ಅವರ ದನಿಯೂ ಇಳಿದಿರಲಿಲ್ಲ. ಮಗ ಲಿಫ್ಟ್ ರಿಪೇರಿ ಮಾಡುವವನು. ಜನ ಗುಂಡಿಯನ್ನು ಎರಡೆರಡು ಸಲ ಒತ್ತಿ ಹಾಳುಮಾಡುತ್ತಾರೆ ಎಂಬುದು ಅವನು ದಿನಾ ಊಟದ ಹೊತ್ತಿಗೆ ಹೇಳುವ ದೂರು. ಸೊಸೆ ಈ ಸಿಸ್ಟರ್. ಮೊಮ್ಮಗಳು ಹೈಸ್ಕೂಲಿನವಳು, ಎಲ್ಲದಕ್ಕೂ ‘ಯಾಕೆ’ ಎನ್ನುವುದರಿಂದ ಮನೆಯಲ್ಲಿ ವಕೀಲಮ್ಮ. ಐದನೆಯವಳು ಅಜ್ಜಿ. ಅಜ್ಜಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲವೆಂದು ಎಲ್ಲರೂ ತಿಳಿದಿದ್ದರು. ಟೀ ಕುಡೀತೀಯಾ ಎಂದರೆ ಹೂಂ. ಈಗ ಬೇಡ ಅಲ್ವಾ ಎಂದರೂ ಹೂಂ.

“ಐವತ್ತು ವರ್ಷ ಆಯ್ತು, ಒಂದು ದಿನ ಎದುರಾಡಿಲ್ಲ ಇವಳು,” ಎಂದು ತಾತ ನೆಂಟರ ಮುಂದೆ ಹೇಳುತ್ತಿದ್ದರು. “ಹುಡುಗ ಒಪ್ಪಿಗೆಯಾ ಅಂತ ಇವರಪ್ಪ ಕೇಳ್ದಾಗ ಹೂಂ ಅಂದಳಲ್ಲ, ಅವತ್ತಿಂದ ಅದೇ ಹೂಂ.”

ಅಜ್ಜಿ ಅದಕ್ಕೂ ಹೂಂ ಎನ್ನುತ್ತಿದ್ದಳು.

ಹೀಗಿರುವಾಗ ಅಜ್ಜಿಯ ಎದೆಬಡಿತ ತಾಳ ತಪ್ಪಿತು. ದೊಡ್ಡ ಡಾಕ್ಟರು ರಕ್ತ ಹೆಪ್ಪುಗಟ್ಟದಂತೆ ಒಂದು ಗುಲಾಬಿ ಬಣ್ಣದ ಮಾತ್ರೆ ಬರೆದುಕೊಟ್ಟರು. ಸಂಜೆ ಹೊತ್ತು, ದಿನಕ್ಕೆ ಒಂದೇ. ಸೊಸೆ ಊಟಕ್ಕೆ ಕುಳಿತಾಗ ಎಲ್ಲರಿಗೂ ಬಿಡಿಸಿ ಹೇಳಿದಳು: “ಇದು ತಲೆನೋವಿನ ಮಾತ್ರೆ ಥರ ಅಲ್ಲ. ಕಮ್ಮಿ ಆದ್ರೆ ರಕ್ತ ಗಟ್ಟಿಯಾಗುತ್ತೆ, ಜಾಸ್ತಿ ಆದ್ರೆ ಎಲ್ಲಿ ಬೇಕಾದ್ರೂ ಸೋರುತ್ತೆ. ಹುಡುಗಾಟ ಬೇಡ.” ಒಂದು ವಾರ ಬಿಟ್ಟು ರಕ್ತ ಪರೀಕ್ಷೆಗೆ ಕರೆದುಕೊಂಡು ಬನ್ನಿ ಎಂದೂ ಡಾಕ್ಟರು ಹೇಳಿದ್ದರು. ಆ ವಾರ ಮಗನಿಗೆ ರಜೆ ಸಿಗಲಿಲ್ಲ, ಮುಂದಿನ ವಾರ ಸೊಸೆಗೆ ಬಿಡುವಾಗಲಿಲ್ಲ. ಪರೀಕ್ಷೆ ಮುಂದಕ್ಕೆ ಹೋಯಿತು.

ಆ ತಿಂಗಳು ಸೊಸೆಗೆ ಸಂಜೆ ಪಾಳಿ. “ಮಾವ, ಟೀ ಜೊತೆ ಅತ್ತೆಗೆ ಮಾತ್ರೆ ಕೊಟ್ಟುಬಿಡಿ,” ಎಂದಳು. “ರೈಟ್!” ಎಂದರು ತಾತ. ಜವಾಬ್ದಾರಿ ಅಂದಮೇಲೆ ಚೀಲದಲ್ಲಿರಬೇಕು ಎಂದು ಅವರು ಒಂದು ಪಟ್ಟಿ ಮಾತ್ರೆಯನ್ನು ತಮ್ಮ ಚರ್ಮದ ಚೀಲಕ್ಕೆ ಹಾಕಿಕೊಂಡರು. ಆದರೆ ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಕನ್ನಡಕ ಹುಡುಕುವ ಮಾವನನ್ನು ನಂಬುವುದು ಹೇಗೆ? ಸೊಸೆ ಆಸ್ಪತ್ರೆಯಿಂದ ಗಂಡನಿಗೆ ಫೋನು ಮಾಡಿದಳು. “ರೀ, ನೀವು ಮನೆಗೆ ಹೋದ ತಕ್ಷಣ ಅಮ್ಮಂಗೆ ಮಾತ್ರೆ ಕೊಡಿ. ಫ್ರಿಜ್ ಮೇಲಿನ ಡಬ್ಬೀಲಿದೆ.” ಇಬ್ಬರಲ್ಲಿ ಒಬ್ಬರಿಗಾದರೂ ನೆನಪಿರುತ್ತದೆ ಎಂಬುದು ಅವಳ ಲೆಕ್ಕ. ಇಬ್ಬರಿಗೂ ನೆನಪಿತ್ತು.

ಟೀ ಹೊತ್ತಿಗೆ ತಾತ ಕೇಳುತ್ತಿದ್ದರು: “ಏನೇ, ಮಾತ್ರೆ ಕೊಡಲಾ?”

“ಹೂಂ.”

ಕತ್ತಲಾದ ಮೇಲೆ ಮಗ ಬಂದು, ಕೈಯ ಗ್ರೀಸು ತೊಳೆದುಕೊಂಡು ಕೇಳುತ್ತಿದ್ದ: “ಅಮ್ಮ, ಮಾತ್ರೆ ಇನ್ನೂ ಆಗಿಲ್ಲ ಅಲ್ವಾ?”

“ಹೂಂ.”

ಪಾಳಿ ಮುಗಿಸಿ ಬಂದ ಸೊಸೆ ಕೇಳುತ್ತಿದ್ದಳು: “ಅತ್ತೆ, ಮಾತ್ರೆ ಆಯ್ತಾ?”

“ಹೂಂ.”

ಮೂವರೂ ನೆಮ್ಮದಿಯಿಂದ ಮಲಗುತ್ತಿದ್ದರು.

ರಜೆಯ ದಿನ ಅತ್ತೆಯ ಕೈಯುಗುರು ಕತ್ತರಿಸಲು ಕುಳಿತಾಗ ಸೊಸೆಯ ಕಣ್ಣಿಗೆ ಮೊಣಕೈ ಬಳಿಯ ನೀಲಿ ಕಲೆ ಬಿತ್ತು.

“ಇದೇನಿದು? ಬಿದ್ರಾ ಅತ್ತೆ?”

“ಹೂಂ.”

“ಬಚ್ಚಲಲ್ಲಾ?”

“ಹೂಂ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಸಂಜೆಯೊಳಗೆ ಬಚ್ಚಲಿಗೆ ರಬ್ಬರಿನ ಚಾಪೆ ಬಂತು. ಮಗ ಗೋಡೆ ಕೊರೆದು ಕೈಹಿಡಿಯಲು ಸರಳು ಕೂರಿಸಿದ, ಕೊರೆದ ಧೂಳು ಅಡುಗೆಯ ಮೇಲೆಲ್ಲ ಕೂತಿತು, ಅದಕ್ಕೊಂದು ಜಗಳವಾಯಿತು. ನೀರು ಚೆಲ್ಲುವುದು ನೀವೇ ಎಂದು ತಾತನಿಗೂ ಬೈಗುಳ ಬಿತ್ತು. ಅಜ್ಜಿ ಬಿದ್ದೇ ಇರಲಿಲ್ಲ.

ಮುಂದಿನ ಭಾನುವಾರ ಅಜ್ಜಿಯ ಮಗಳು ಬಂದಳು. ಅದೇ ಊರಿನ ಇನ್ನೊಂದು ತುದಿಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು. ಬಟ್ಟೆಯ ಮೇಲಾಗಲಿ ಮನುಷ್ಯರ ಮೇಲಾಗಲಿ ಕಲೆ ಇದ್ದರೆ ಮೊದಲು ಕಾಣುವುದು ಅವಳಿಗೇ. ಊಟದ ತಟ್ಟೆ ಎಳೆದುಕೊಳ್ಳಲು ಅಜ್ಜಿ ಕೈ ಚಾಚಿದಾಗ ಕಂಡೇಬಿಟ್ಟಿತು.

“ಅಯ್ಯೋ, ಇದೇನಮ್ಮ ತೋಳು! ಶಾಯಿ ಚೆಲ್ಲಿದ ಹಾಗಿದೆ!”

“ಬಚ್ಚಲಲ್ಲಿ ಬಿದ್ರು,” ಎಂದಳು ಸೊಸೆ, ಪಲ್ಯದ ಪಾತ್ರೆ ಇಳಿಸುತ್ತ.

“ಬಿದ್ರೆ ಒಂದು ಕಡೆ ಪೆಟ್ಟಾಗುತ್ತೆ ಅತ್ತಿಗೆ. ಎರಡು ತೋಳಿಗೂ ಆಗುತ್ತಾ?” ಮಗಳು ತಾಯಿಯ ಎಡಕ್ಕೆ ಕುರ್ಚಿ ಎಳೆದುಕೊಂಡು ಕೂತಳು. “ಅಮ್ಮ, ನಿಜ ಹೇಳು. ಯಾರಾದ್ರೂ ಕೈ ಹಿಡಿದು ಎಳೆದ್ರಾ?”

“ಹೂಂ.”

“ಯಾರು? ಅತ್ತಿಗೇನಾ?”

“ಹೂಂ,” ಎಂದಳು ಅಜ್ಜಿ, ತುತ್ತು ಕಲಸುತ್ತ.

ಸೌಟು ಪಾತ್ರೆಯಲ್ಲೇ ನಿಂತಿತು.

“ನಾನಾ?” ಎಂದಳು ಸೊಸೆ. “ನಾನು ಎಳೆದ್ನಾ? ದಿನಾ ಒಂದು ವಾರ್ಡು ತುಂಬ ಜನರನ್ನ ಎತ್ತಿ ಕೂರಿಸ್ತೀನಿ, ಒಬ್ಬರ ಮೈಮೇಲೆ ನನ್ನ ಬೆರಳಿನ ಗುರುತಿಲ್ಲ!”

“ಅವರ ಮೈಮೇಲೆ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದೇ ಇದು. ಊರಿಗೆಲ್ಲ ಸಿಸ್ಟರ್, ಮನೆಯೋರಿಗೆ...”

“ಬಾಯಿ ಬಿಗಿಹಿಡಿ,” ಎಂದ ಅಣ್ಣ.

“ನೀನು ಹಿಡಿಬೇಕಾಗಿದ್ದು ನನ್ನ ಬಾಯಲ್ಲ ಅಣ್ಣ.”

ಆಗ ವಕೀಲಮ್ಮ ಎದ್ದುನಿಂತಳು. “ಅತ್ತೆ, ಒಂದು ನಿಮಿಷ. ಸಾಕ್ಷೀನ ನಾನೂ ಪ್ರಶ್ನೆ ಮಾಡ್ಬಹುದಾ? ಅಜ್ಜಿ, ನಿನ್ನೆ ನೀನು ವಿಮಾನ ಓಡಿಸಿದೆ ಅಲ್ವಾ?”

“ಹೂಂ.”

“ಅಪ್ಪನ್ನ ಹಳೇ ಸಾಮಾನಿನೋನಿಗೆ ಹಾಕಿಬಿಡೋಣ್ವಾ?”

“ಹೂಂ ಹೂಂ.”

ತಾತ ಕೆಮ್ಮಿ ಕೆಮ್ಮಿ ನಕ್ಕರು. ಮಾರಾಟಕ್ಕೆ ಹೋದ ಮಗನೂ ನಕ್ಕ. ಸೊಸೆ ನಗಲಿಲ್ಲ, ಮಗಳಂತೂ ನಗಲಿಲ್ಲ.

“ನಗ್ರಿ, ನಗ್ರಿ. ಅಮ್ಮಂಗೆ ಬುದ್ಧಿ ಮಂಕಾಗಿದೆ ಅಂತ ತಾನೇ? ಮಂಕಾಗಿದ್ರೆ ಇನ್ನೂ ಹುಷಾರಾಗಿ ನೋಡ್ಕೋಬೇಕಿತ್ತು. ನಾನು ಕರ್ಕೊಂಡು ಹೋಗ್ತೀನಿ. ಇನ್ನು ಇಲ್ಲಿಗೆ ಕಳಿಸಲ್ಲ.” ಅರ್ಧ ತಟ್ಟೆ ಬಿಟ್ಟು ಅವಳು ಎದ್ದು ಹೋದಳು.

ಸೊಸೆಗೆ ನೋವಾಯಿತು. ನಾದಿನಿಯ ಮಾತು ಒಂದು ಕಡೆಯಿರಲಿ, ಹದಿನೇಳು ವರ್ಷ ಒಂದೇ ಒಲೆಯ ಮುಂದೆ ನಿಂತ ಅತ್ತೆ ಹೂಂ ಅಂದುಬಿಟ್ಟರಲ್ಲ! ಎರಡು ದಿನ ಅವಳು ಅತ್ತೆಯನ್ನು ಮಾತಾಡಿಸಲಿಲ್ಲ. ಬಡಿಸುವಾಗ ಸೌಟು ತಟ್ಟೆಗೆ ಸ್ವಲ್ಪ ಜೋರಾಗಿಯೇ ತಾಗಿತು. ಅಜ್ಜಿಗೆ ಅದು ಕೇಳಿಸಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಜ್ಜಿ ಹಾಲಿನಲ್ಲಿ ಬ್ರೆಡ್ಡು ಅದ್ದುತ್ತಿದ್ದಾಗ ಲೋಟದೊಳಗೆ ಕೆಂಪಗೆ ಒಂದು ಹನಿ ಬಿತ್ತು. ಹಿಂದೆಯೇ ಇನ್ನೊಂದು. ಮೂಗಿನಿಂದ ಸುರಿದ ರಕ್ತ ಟವೆಲು ಒತ್ತಿದರೂ ನಿಲ್ಲಲಿಲ್ಲ. ಆಟೋದಲ್ಲಿ ಅಜ್ಜಿಯ ತಲೆ ಹಿಡಿದು ಕೂತ ಸೊಸೆಗೆ ಆಗ ಹೊಳೆಯಿತು, ಆ ನೀಲಿ ಕಲೆ ಬಚ್ಚಲಿನದಲ್ಲ. ವಾರ್ಡಿನಲ್ಲಿ ಬೇರೆ ಯಾರ ತೋಳಾದರೂ ಆಗಿದ್ದರೆ ಮೊದಲ ದಿನವೇ ಹೊಳೆಯುತ್ತಿತ್ತು.

ಆಸ್ಪತ್ರೆಯೆಂದರೆ ಅವಳದೇ ಆಸ್ಪತ್ರೆ. ರಕ್ತ ಪರೀಕ್ಷೆಯ ಚೀಟಿ ಹಿಡಿದು ಡಾಕ್ಟರು ಬಂದರು. “ರಕ್ತ ನೀರಾಗಿಬಿಟ್ಟಿದೆ. ದಿನಕ್ಕೆ ಎಷ್ಟು ಮಾತ್ರೆ ಕೊಡ್ತಿದ್ದೀರಿ?”

“ಒಂದು,” ಎಂದರು ಮೂವರೂ ಒಟ್ಟಿಗೆ.

“ಯಾರು ಕೊಡ್ತೀರಿ?”

“ನಾನು,” ಎಂದರು ತಾತ.

“ನಾನು,” ಎಂದ ಮಗ.

ಅಪ್ಪ ಮಗನ ಮುಖ ನೋಡಿದರು, ಮಗ ಅಪ್ಪನ ಮುಖ ನೋಡಿದ. ತಾತ ಹೆಗಲಿಗೆ ಹಾಕಿಕೊಂಡು ಬಂದಿದ್ದ ಚರ್ಮದ ಚೀಲದಿಂದ ಖಾಲಿಯಾಗುತ್ತ ಬಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಸೊಸೆ ತನ್ನ ಬ್ಯಾಗಿನಿಂದ ಡಬ್ಬಿ ತೆಗೆದಳು. ಅದರೊಳಗಿನ ಪಟ್ಟಿಯೂ ಅಷ್ಟೇ ಖಾಲಿಯಾಗಿತ್ತು. ಡಾಕ್ಟರು ಎರಡನ್ನೂ ನೋಡಿ, ಆಮೇಲೆ ಸೊಸೆಯನ್ನು ನೋಡಿ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮೂಗಲ್ಲಿ ಬಂತು, ಪುಣ್ಯ,” ಎಂದರು ಅಷ್ಟೇ. “ತಲೆ ಒಳಗೆ ಬಂದಿದ್ರೆ ನಾವು ಹೀಗೆ ನಿಂತು ಮಾತಾಡ್ತಿರಲಿಲ್ಲ, ಸಿಸ್ಟರ್.”

ಗುಲಾಬಿ ಮಾತ್ರೆ ನಿಂತಿತು, ರಕ್ತವನ್ನು ಹದಕ್ಕೆ ತರುವ ಇಂಜೆಕ್ಷನ್ ಶುರುವಾಯಿತು. ಅಜ್ಜಿಯ ಮಂಚದ ಪಾಳಿಗೆ ಬಂದವಳು ಸೊಸೆಯೇ ಕಲಿಸಿದ ಹೊಸ ಹುಡುಗಿ. ಟ್ರೇ ಹಿಡಿದು ಬಂದು ಕೇಳಿದಳು: “ಅಜ್ಜಿ, ನಿಮ್ಮ ಹೆಸರು ಹೇಳಿ.”

“ಹೂಂ.”

“ಹೆಸರು ಹೇಳಿ ಅಜ್ಜಿ.”

“ಹೂಂ.”

“ನಮ್ಮತ್ತೆ ಕಣಮ್ಮ,” ಎಂದಳು ಸೊಸೆ. “ನಾನೇ ಹೇಳ್ತಿದ್ದೀನಲ್ಲ, ಕೊಡು.”

“ನೀವೇ ಹೇಳ್ಕೊಟ್ಟಿದ್ದು ಸಿಸ್ಟರ್, ಅವರ ಬಾಯಿಂದ ಬರಬೇಕು ಅಂತ.” ಹುಡುಗಿ ಟ್ರೇ ಪಕ್ಕಕ್ಕಿಟ್ಟು, ಮಂಚ ಸುತ್ತಿಕೊಂಡು ಬಲಗಡೆಗೆ ಬಂದು, ಬಗ್ಗಿ, ಅಜ್ಜಿಗೆ ತನ್ನ ಬಾಯಿ ಕಾಣುವಂತೆ ನಿಧಾನವಾಗಿ ಕೇಳಿದಳು. ಅಜ್ಜಿ ಅವಳ ತುಟಿಯನ್ನೇ ನೋಡಿದಳು. ಆಮೇಲೆ ಶಾಲೆಯಲ್ಲಿ ಹಾಜರಿ ಹೇಳುವ ಹುಡುಗಿಯ ಹಾಗೆ ತನ್ನ ಹೆಸರು, ತನ್ನ ಅಪ್ಪನ ಹೆಸರು, ಹುಟ್ಟಿದ ಊರು, ಎಲ್ಲ ಸೇರಿಸಿ ಒಂದೇ ಉಸಿರಿಗೆ ಹೇಳಿದಳು. ಸೊಸೆ ಅಷ್ಟುದ್ದದ ಆ ಹೆಸರನ್ನು ಅತ್ತೆಯ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಇಂಜೆಕ್ಷನ್ ಕೊಟ್ಟು ಹೊರಡುವಾಗ ಹುಡುಗಿ ಹೇಳಿದಳು: “ಎಡಗಿವಿ ಇವರಿಗೆ ಏನೂ ಕೇಳಿಸಲ್ಲ ಸಿಸ್ಟರ್. ಬಲಗಿವೀನೂ ಅಷ್ಟಕ್ಕಷ್ಟೆ. ನಿಮಗೆ ಗೊತ್ತಿರುತ್ತಲ್ಲ?”

“ಹೂಂ,” ಎಂದಳು ಸೊಸೆ.

ಹುಡುಗಿ ಹೋದ ಮೇಲೆ ಅವಳು ಸ್ಟೂಲನ್ನು ಬಲಗಡೆಗೆ ಎಳೆದುಕೊಂಡು ಕೂತಳು. “ಅತ್ತೆ, ಯಾವಾಗಿಂದ ಕೇಳಿಸ್ತಿಲ್ಲ?”

“ಯಾವಾಗಿಂದ ಅಂತ ಹೇಗೆ ಹೇಳ್ಲಿ. ಒಂದೇ ದಿನ ಹೋಯ್ತಾ? ಸವೆದು ಸವೆದು ಹೋಯ್ತು.”

“ನಮಗೆ ಹೇಳಬಾರದಿತ್ತಾ?”

“ನಾಲ್ಕು ಸಲ ‘ಏನು’ ಅಂದ್ರೆ ನಿಮ್ಮಾವ ಸಿಡುಕ್ತಾರೆ. ನೀನು ಡ್ಯೂಟಿ ಮುಗಿಸಿ ಸುಸ್ತಾಗಿ ಬಂದಿರ್ತೀಯ. ಹೂಂ ಅಂದ್ರೆ ಯಾರೂ ಸಿಡುಕಲ್ಲ. ನೀವೆಲ್ಲ ಕೇಳೋದೂ ಹೂಂ ಅನ್ನಿಸ್ಕೊಳ್ಳೋಕೇ ಅಲ್ವಾ.”

“ನಾನು ನಿಮ್ಮ ಕೈ ಎಳೆದೆ ಅಂದ್ರಲ್ಲ ಮೊನ್ನೆ.”

“ನಾನಾ? ಯಾವಾಗ?”

“ಊಟಕ್ಕೆ ಕೂತಾಗ. ನಿಮ್ಮ ಮಗಳು ಕೇಳಿದ್ಲು, ‘ಅತ್ತಿಗೇನಾ’ ಅಂತ.”

ಅಜ್ಜಿ ಯೋಚಿಸಿದಳು. “ಅಡುಗೆ ಮಾಡಿದ್ದು ಅತ್ತಿಗೇನಾ ಅಂತ ಕೇಳಿದ್ಲು ಅಂದ್ಕೊಂಡೆ. ಪಲ್ಯ ಚೆನ್ನಾಗಿತ್ತು.”

ಸೊಸೆಗೆ ನಗು ಬಂತು. ನಗುತ್ತ ನಗುತ್ತಲೇ ಅಳುವೂ ಬಂತು. ಇಡೀ ವಾರ್ಡಿಗೆ ಬುದ್ಧಿ ಹೇಳುವ ತನಗೆ ನಾಚಿಕೆಯಾಗಬೇಕು ಎನಿಸಿತು, ಆಯಿತು ಕೂಡ.

ಅಜ್ಜಿ ಮನೆಗೆ ಬಂದ ದಿನ ಲೆಕ್ಕ ಚುಕ್ತಾ ಮಾಡುವ ಜಗಳ ನಡೆಯಿತು.

“ನನಗೆ ಹೇಳಿದ ಮೇಲೆ ಅವನಿಗ್ಯಾಕಮ್ಮ ಹೇಳ್ದೆ?” ಎಂದರು ತಾತ. “ನನ್ನ ಮೇಲೆ ನಂಬಿಕೆ ಇಲ್ವಾ?”

“ಇರಲಿಲ್ಲ ಮಾವ. ತಪ್ಪು ನಂದೇ. ಒಬ್ಬರನ್ನ ನಂಬಬೇಕಿತ್ತು, ಇಲ್ಲ ನಾನೇ ಕೊಡಬೇಕಿತ್ತು.”

“ನಾನು ಕೊಡೋ ಮೊದಲು ಕೇಳಿದ್ದೆ,” ಎಂದ ಮಗ. “ಆಗಿಲ್ಲ ಅಲ್ವಾ ಅಂತ ಸರಿಯಾಗೇ ಕೇಳಿದ್ದೆ.”

“ಅಪ್ಪ,” ಎಂದಳು ವಕೀಲಮ್ಮ, “ಲಿಫ್ಟಿನ ಗುಂಡಿ ಎರಡು ಸಲ ಒತ್ತೋದು ಅಂದ್ರೆ ಇದೇ ತಾನೇ?”

ಆ ದಿನ ಅವನು ಲಿಫ್ಟಿನ ವಿಷಯ ಎತ್ತಲಿಲ್ಲ.

ಕಿವಿಯ ಡಾಕ್ಟರು ಕಿವಿಗಿಡುವ ಯಂತ್ರಕ್ಕೆ ಅಳತೆ ತೆಗೆದುಕೊಂಡರು, ಅದು ಕೈಗೆ ಬರುವುದಕ್ಕೆ ಇನ್ನೂ ದಿನಗಳಿದ್ದವು. ರಕ್ತ ಹದಕ್ಕೆ ಬಂದ ಮೇಲೆ ಗುಲಾಬಿ ಮಾತ್ರೆ ಮತ್ತೆ ಶುರುವಾಯಿತು, ಈ ಸಲ ಸೊಸೆಯ ಕಾನೂನಿನ ಪ್ರಕಾರ. ಡಬ್ಬಿ ಒಂದೇ. ದಿನಕ್ಕೆ ಒಬ್ಬರದೇ ಪಾಳಿ. ಕೊಡುವವರು ಬಲಗಡೆ ಕೂತು, ಮಾತ್ರೆ ತೋರಿಸಿ, ಇದು ಯಾವುದು, ಏನಕ್ಕೆ, ಹಿಂದಿನದು ಯಾವಾಗ ಆಯಿತು ಎಂದು ಕೇಳಬೇಕು. ಅಜ್ಜಿ ಬಾಯಿಬಿಟ್ಟು ಹೇಳಬೇಕು.

“ನಾನೇನು ಒಂದನೇ ಕ್ಲಾಸಾ?” ಎಂದು ಅಜ್ಜಿ ಮೊದಲೆರಡು ದಿನ ಗೊಣಗಿದಳು. ತಾತನಿಗೆ ಅಭ್ಯಾಸ ಬಿಡಲಿಲ್ಲ. “ಏನೇ, ಮಾತ್ರೆ ಕೊಡ...” ಎಂದು ಬಾಯಿ ತೆರೆದರೆ ಸಾಕು, ಒಳಗಿನ ಕೋಣೆಯಿಂದ “ಆಕ್ಷೇಪಣೆ!” ಎಂದು ವಕೀಲಮ್ಮನ ಕೂಗು ಬರುತ್ತಿತ್ತು.

“ಇದು ನನಗೆ ಗೊತ್ತಿಲ್ಲದ್ದಲ್ಲ ಕಣೇ,” ಎಂದರು ತಾತ ಒಂದು ದಿನ ಮೊಮ್ಮಗಳಿಗೆ. “ಬಸ್ಸಲ್ಲಿ ನಾನು ಯಾವತ್ತಾದ್ರೂ ‘ಮಾರ್ಕೆಟ್ ತಾನೇ’ ಅಂತ ಕೇಳಿ ಟಿಕೆಟ್ ಹರಿದಿದ್ದೀನಾ? ಹಾಗೆ ಹರಿದ್ರೆ ಅರ್ಧ ಜನ ಹೂಂ ಅಂದ್ಬಿಟ್ಟು ಕೊನೇ ಸ್ಟಾಪಲ್ಲಿ ಜಗಳ ತೆಗೀತಾರೆ. ‘ಎಲ್ಲಿಗೆ?’ ಅಂತಲೇ ಕೇಳ್ಬೇಕು.”

“ಅಜ್ಜೀನ ಹಾಗೆ ಕೇಳಿದ್ದೀರಾ?”

“ಅವಳು ನನ್ನ ಬಸ್ಸಿಗೆ ಎಲ್ಲಿ ಬಂದಳು?”

ಇಷ್ಟರಲ್ಲಿ ಮಗಳು ಫೋನು ಮಾಡಿದಳು. ಎರಡು ಪಟ್ಟಿಯ ಕಥೆ ಅವಳಿಗೆ ತಿಳಿದಿತ್ತು. ಕೈ ಎಳೆದಿರಿ ಅಂದದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅತ್ತಿಗೆ ಎಂದು ಚುಟುಕಾಗಿ ಹೇಳಿ, ಅಮ್ಮನ ಕೈಗೆ ಫೋನು ಕೊಡಿ ಎಂದಳು. ಅಜ್ಜಿ ಅದನ್ನು ರೂಢಿಯಂತೆ ಎಡಗಿವಿಗೆ ಹಿಡಿದಳು.

“ಹೂಂ,” ಎಂದಳು. “ಹೂಂ. ಹೂಂ.”

ಭಾನುವಾರ ಕಾರು ತರುತ್ತೇನೆ, ಅಮ್ಮ ಇನ್ನು ನಮ್ಮನೆಯಲ್ಲೇ ಇರಲು ಒಪ್ಪಿದ್ದಾಳೆ ಎಂದು ಮಗಳು ಅಣ್ಣನಿಗೆ ಹೇಳಿದಳು.

“ಅದೇನು ಒಪ್ಪಿಗೆನಾ ರೀ?” ಎಂದು ಸೊಸೆ ರಾಗ ಎಳೆದಳು.

“ಇರಬಹುದು, ಇಲ್ಲದೆಯೂ ಇರಬಹುದು. ತಡೆಯೋಕೆ ನಮಗೆ ಯಾವ ಮುಖ ಇದೆ ಹೇಳು? ಅವಳೂ ಮಗಳೇ. ಅವಳ ಮನೇಲಿ ಮೂಗಲ್ಲಿ ರಕ್ತ ಬಂದಿಲ್ಲ.”

ಅತ್ತೆ ಹೋಗುವುದು ಸೊಸೆಗೆ ಬೇಕಿರಲಿಲ್ಲ. ಹೋದರೆ ಅದು ತನ್ನ ಮೇಲೆ ಬರೆದ ತೀರ್ಪಾಗುತ್ತದೆ ಎಂಬ ಭಯ ಒಂದು. ಸಂಜೆ ಬಲಗಡೆ ಸ್ಟೂಲು ಹಾಕಿಕೊಂಡು ಕೂತರೆ ಅತ್ತೆ ಮಾತ್ರೆಯ ಲೆಕ್ಕ ಒಪ್ಪಿಸಿ ಹಾಗೇ ಇನ್ನೂ ನಾಲ್ಕು ಮಾತಾಡುತ್ತಿದ್ದರು. ಆ ನಾಲ್ಕು ಮಾತು ಇಲ್ಲವಾಗುತ್ತದಲ್ಲ ಎಂಬ ಸಂಕಟ ಇನ್ನೊಂದು. ಬೇಡ ಅನ್ನಿ ಎಂದು ಅತ್ತೆಗೆ ಹೇಳಿಕೊಡುವುದಕ್ಕೂ ಅವಳಿಗೆ ಮನಸ್ಸು ಬರಲಿಲ್ಲ. ಅದೂ ಒಂದು ಹೂಂ ಅನ್ನಿಸಿಕೊಂಡ ಹಾಗೆಯೇ.

ಭಾನುವಾರ ಸಂಜೆ ಕೋಣೆಯ ತುಂಬ ಜನ. ಮಗಳು ತಾಯಿಯ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು. ಮಗ ಟೀ ಲೋಟ ಎತ್ತಿಟ್ಟ. ಇದನ್ನು ತಗೊಂಡ್ಯಾ, ಅದನ್ನು ಇಟ್ಯಾ ಎಂದು ಅಣ್ಣತಂಗಿಯರು ಒಂದೊಂದಕ್ಕೂ ಕಿತ್ತಾಡಿದರು. ಅಜ್ಜಿ ನಡುವೆ ಕುರ್ಚಿಯಲ್ಲಿ ಕೂತು ಎಲ್ಲರ ತುಟಿಗಳನ್ನೂ ಸರದಿಯಂತೆ ನೋಡುತ್ತಿದ್ದಳು. ಸೊಸೆ ಅಡುಗೆಮನೆಯಿಂದ ಬಂದು, ಡಬ್ಬಿ ತೆರೆದು, ಒಂದು ಮಾತ್ರೆ ಒತ್ತಿ ತೆಗೆದಳು.

“ಹೊರಡೋ ಮುಂಚೆ ಮಾತ್ರೆ ತಗೊಂಡುಬಿಡ್ತೀರಾ ಅತ್ತೆ?”

“ಊಹೂಂ.”

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಆ ಬಾಯಿಂದ ಆ ಸದ್ದನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ.

“ಏನಂದ್ರಿ?”

“ಊಹೂಂ ಅಂದೆ. ಇವತ್ತಿಂದು ಆಗಿದೆ. ಗುಲಾಬಿದು, ರಕ್ತ ತೆಳ್ಳಗಾಗೋದು, ದಿನಕ್ಕೆ ಒಂದೇ. ನಿಮ್ಮಾವ ಟೀ ಜೊತೆ ಕೊಟ್ರು. ಇದು ಎರಡನೇದು. ಒಳಗಿಡು.”

“ಹೌದು ಕಣಮ್ಮ,” ಎಂದರು ತಾತ. “ಇವತ್ತು ನನ್ನ ಪಾಳಿ.”

ಹೌದು, ಅವರದೇ ಪಾಳಿ. ಕಾನೂನು ಮಾಡಿದವಳೇ ಮರೆತಿದ್ದಳು. ಸೊಸೆ ಅಂಗೈಯಲ್ಲಿದ್ದ ಮಾತ್ರೆಯನ್ನು ನೋಡುತ್ತ ನಿಂತಳು.

“ನೋಡಿದ್ಯಾ ಅಣ್ಣ? ಮತ್ತೆ ಎರಡನೇದು!” ಎಂದಳು ಮಗಳು. “ನಾನು ಹೇಳಿದ್ದು ಇದನ್ನೇ. ಏಳಮ್ಮ. ಬರ್ತೀಯ ತಾನೇ?”

“ಹಾಗೆ ಕೇಳ್ಬೇಡ,” ಎಂದರು ತಾತ. ಎದ್ದು, ಕುರ್ಚಿ ಸುತ್ತಿಕೊಂಡು ಹೆಂಡತಿಯ ಬಲಗಡೆಗೆ ಹೋಗಿ, ಹಿಂದೆ ತುಂಬಿದ ಬಸ್ಸಿನ ಆ ತುದಿಗೂ ಮುಟ್ಟುತ್ತಿದ್ದ ದನಿಯಲ್ಲಿ ಕೇಳಿದರು: “ಎಲ್ಲಿಗೆ?”

ಅಜ್ಜಿ ಗಂಡನ ಕಡೆಗೆ ತಿರುಗಿದಳು.

“ಊರಿನೋರನ್ನೆಲ್ಲ ದಿನಾ ಕೇಳಿದ್ರಿ. ನನ್ನನ್ನ ಈಗ ಕೇಳಿದ್ರಿ.”

“ಮದುವೆಗೆ ಮುಂಚೆ ನಿಮ್ಮಪ್ಪ ಕೇಳಿದ್ರಲ್ಲೇ, ಒಪ್ಪಿಗೆಯಾ ಅಂತ.”

“ಅದೂ ಸರಿಯಾಗಿ ಕೇಳಿಸಿರಲಿಲ್ಲ ಅಂದ್ಕೊಳ್ಳಿ.”

ವಕೀಲಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಮಗಳ ಮನೆಗೆ,” ಎಂದಳು ಅಜ್ಜಿ. ಸೊಸೆ ತಲೆ ತಗ್ಗಿಸಿದಳು. “ಎಂಟು ದಿನಕ್ಕೆ. ಹೋಗಿ ಬರೋ ಟಿಕೆಟ್ ಕೊಡಿ.”

“ಎಂಟೇ ದಿನಾನಾ ಅಮ್ಮ? ಫೋನಲ್ಲಿ ಹೂಂ ಅಂದ್ಯಲ್ಲ, ನಮ್ಮನೇಲೇ ಇರ್ತೀನಿ ಅಂತ!”

“ಫೋನಲ್ಲಿ ನೀನು ಏನು ಹೇಳಿದ್ಯೋ ದೇವರಿಗೇ ಗೊತ್ತು. ನಿಮ್ಮನೆ ಟಿವಿ ಕೆಳಗಡೆ ಅಕ್ಷರ ಬರುತ್ತೆ, ಓದ್ಕೊಂಡು ನೋಡ್ಬಹುದು. ಅದಕ್ಕೆ ಬರ್ತೀನಿ. ಎಂಟು ದಿನ ಆದ್ಮೇಲೆ ನನ್ನ ಮನೆಗೆ ತಂದು ಬಿಡು.”

“ಇವರು ಮತ್ತೆ ಎರಡು ಕೊಟ್ರೆ?”

“ಈಗ ಕೊಟ್ಟಳಲ್ಲ, ತಗೊಂಡ್ನಾ?” ಎಂದಳು ಅಜ್ಜಿ. ಸೊಸೆಯ ಕಡೆ ಕೈ ಚಾಚಿದಳು. “ಆ ಡಬ್ಬಿ ಇಲ್ಲಿ ಕೊಡು. ಇನ್ಮೇಲೆ ನನ್ನ ಹತ್ರ ಇರಲಿ. ಕೊಡೋರು ಬದಲಾಗ್ತಾರೆ, ನುಂಗೋಳು ನಾನೊಬ್ಬಳೇ.”

ಸೊಸೆ ಡಬ್ಬಿ ಕೊಟ್ಟಳು. ಅಂಗೈಯ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದಳು. ಆಮೇಲೆ ಅತ್ತೆಯ ಚೀಲ ತೆರೆದು, ಎಂಟು ದಿನಕ್ಕೆ ಸಾಕಾಗುವಷ್ಟು ಬಟ್ಟೆ ಉಳಿಸಿ ಮಿಕ್ಕಿದ್ದನ್ನು ಕಪಾಟಿನಲ್ಲಿ ಮೊದಲಿದ್ದ ಜಾಗಕ್ಕೇ ಇಟ್ಟಳು. ನಾದಿನಿ ಹಗುರಾದ ಚೀಲವನ್ನು ಎತ್ತಿಕೊಂಡಳು.

ಎಲ್ಲರೂ ಕೆಳಗಿಳಿದು ಬಂದರು. ಅಜ್ಜಿ ಮುಂದಿನ ಸೀಟಿನಲ್ಲಿ, ಕಾರು ಓಡಿಸುವ ಮಗಳ ಪಕ್ಕ, ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಕೂತಳು. ತಾತ ಕಾರಿನ ಬೆನ್ನಿಗೆ ಎರಡು ಸಲ ತಟ್ಟಿ “ರೈಟ್!” ಎಂದರು. ಕಾರು ಮೆಲ್ಲಗೆ ಹೊರಟಿತು.

“ಗಾಳಿ ಜಾಸ್ತಿ ಇದೆ. ಕಿಟಕಿ ಏರಿಸಿಬಿಡಲಾ ಅಮ್ಮ?” ಎಂದು ಮಗಳು ಕೇಳಿದ್ದು ಗೇಟಿನ ಬಳಿ ನಿಂತ ಸೊಸೆಗೂ ಕೇಳಿಸಿತು. ಉತ್ತರವೂ ಕೇಳಿಸಿತು.

“ಊಹೂಂ.”

ಕಾರು ತಿರುವು ದಾಟುವವರೆಗೂ ಕಿಟಕಿ ತೆರೆದೇ ಇತ್ತು.